ನಾಲ್ಕು ಎಂಬಿಯಲ್ಲೊಂದು ಸಂಸಾರ

ಮುಂಬಯಿಯಲ್ಲಿ ಹಳೆಯ ಸಾಮಾನು ಸಾಗಹಾಕುವುದು ದೊಡ್ಡ ಕಷ್ಟವೇನಲ್ಲ. ರದ್ದಿಯವನು ಪೇಪರ್ ಒಯ್ಯುತ್ತಾನೆ, ಭಂಗಾರ್‌ವಾಲಾ ಕಬ್ಬಿಣ ಒಯ್ಯುತ್ತಾನೆ, ಹಳೇ ಸೀರೆ, ಪ್ಯಾಂಟು ಕೊಟ್ಟರೆ ಬೋಹಾರಿಣ್ ಬಾಗಿಲಲ್ಲೇ ಕೂತು ಗಂಟೆಗಟ್ಟಲೆ ಚೌಕಾಸಿ ಮಾಡಿ ಒಂದು ಸ್ಟೀಲ್ ಡಬ್ಬಿ ಕೊಟ್ಟು ಹೋಗುತ್ತಾಳೆ. ಆದರೆ ಹಳೆಯ ವೈಫೈ ರೌಟರ್? ಅದನ್ನು ಕಂಡರೆ ಭಂಗಾರ್‌ವಾಲಾನೂ ಮುಖ ತಿರುಗಿಸುತ್ತಾನೆ. ತೂಕವಿಲ್ಲ, ತಾಮ್ರವಿಲ್ಲ, ಬರೀ ಪ್ಲಾಸ್ಟಿಕ್. ಹಾಗಾಗಿ ಇಂಟರ್ನೆಟ್ ಕೊಡುವ ಕೇಬಲ್‌ವಾಲಾ ಬದಲಾದಾಗಲೆಲ್ಲ ಹೊಸ ಪೆಟ್ಟಿಗೆ ಗೋಡೆಗೆ, ಹಳೆಯದು ಲಾಫ್ಟಿಗೆ. ನಿಮ್ಮಲ್ಲೂ ಗಣಪತಿ ಮಂಟಪದ ಥರ್ಮಾಕೋಲ್ ಹಿಂದೆ ಒಂದೆರಡು ಇರಲೇಬೇಕು.

ಪ್ಲಾಸ್ಟಿಕ್ ಎಂದೆನಲ್ಲ, ನಮ್ಮ ಯಶವಂತ ಚಿತ್ತಾಲರು ವೃತ್ತಿಯಿಂದ ಪಾಲಿಮರ್ ತಂತ್ರಜ್ಞರಾಗಿದ್ದರು. ಹನೇಹಳ್ಳಿಯಿಂದ ಬಂದು ಈ ಊರಿನಲ್ಲಿ ಅದೇ ಉದ್ಯೋಗದಲ್ಲಿದ್ದುಕೊಂಡೇ 1979ರಲ್ಲಿ ‘ಶಿಕಾರಿ’ಯಂಥ ಕಾದಂಬರಿ ಕೊಟ್ಟರು. ಆದ್ದರಿಂದ ಪ್ಲಾಸ್ಟಿಕ್ಕನ್ನು ಹಗುರವಾಗಿ ಕಾಣಬಾರದು. ಇರಲಿ, ನಾನು ಹೇಳಹೊರಟದ್ದು ಪೆಟ್ಟಿಗೆಯ ಒಳಗಿನ ವಿಷಯ.

ಒಳಗಿರುವುದು ಒಂದು ಪುಟ್ಟ ಕಂಪ್ಯೂಟರ್. ಅದರಲ್ಲಿ ಎಷ್ಟೋ ಸಲ ಓಡುತ್ತಿರುವುದು ಲಿನಕ್ಸ್ ಎಂಬ ಆಪರೇಟಿಂಗ್ ಸಿಸ್ಟಮ್. ಇದು ಬಯಲಾದ ಕಥೆ ಮಜವಾಗಿದೆ. 2002ರ ಕೊನೆಗೆ ಲಿಂಕ್‌ಸಿಸ್ ಕಂಪನಿ ಡಬ್ಲ್ಯುಆರ್‌ಟಿ54ಜಿ ಎಂಬ ನೀಲಿ ಕಪ್ಪು ಬಣ್ಣದ, ಎರಡು ಕೊಂಬಿನ ರೌಟರ್ ತಂದಿತು. ಮರುವರ್ಷ ಯಾರೋ ಕೆದಕಿ ನೋಡಿದರೆ ಒಳಗೆ ಲಿನಕ್ಸ್! ಲಿನಕ್ಸಿನ ಷರತ್ತು ನಿಮಗೆ ಗೊತ್ತಲ್ಲ: ಬಳಸು, ತಿದ್ದು, ಮಾರು, ಬೇಡವೆನ್ನುವವರಿಲ್ಲ, ಆದರೆ ಕೊಂಡವರಿಗೆ ಅದರ ಸೋರ್ಸ್ ಕೋಡನ್ನೂ ಕೊಡು. ಕಂಪನಿ ಕೊಟ್ಟಿರಲಿಲ್ಲ. ಅಷ್ಟರಲ್ಲಿ ಸಿಸ್ಕೋ ಎಂಬ ದೊಡ್ಡ ಕುಳ ಲಿಂಕ್‌ಸಿಸ್ಸನ್ನೇ ಕೊಂಡುಕೊಂಡಿತ್ತು. ಆಸ್ತಿಯ ಜೊತೆ ತಗಾದೆಯೂ ಬಂತು. ಒಂದಿಷ್ಟು ಗಲಾಟೆಯಾಗಿ ಕೋಡ್ ಹೊರಬಿತ್ತು. ಅದನ್ನು ಹಿಡಿದುಕೊಂಡು 2004ರ ಜನವರಿಯಲ್ಲಿ ಹುಟ್ಟಿದ್ದೇ ಓಪನ್‌ಡಬ್ಲ್ಯುಆರ್‌ಟಿ, ರೌಟರಿಗೆ ನಾವೇ ಏರಿಸಿಕೊಳ್ಳಬಹುದಾದ ಲಿನಕ್ಸ್. 2005ರಲ್ಲಿ ಕಂಪನಿ ಅದೇ ರೌಟರಿನ ಮೆಮೊರಿಯನ್ನು ಅರ್ಧ ಕತ್ತರಿಸಿ ಲಿನಕ್ಸನ್ನೂ ಹೊರಹಾಕಿತು. ಆಮೇಲೆ ಗಿರಾಕಿಗಳಿಗಾಗಿ ಹೆಸರಿಗೊಂದು ‘ಎಲ್’ ಅಂಟಿಸಿ ಹಳೆಯ ಲಿನಕ್ಸ್ ಪೆಟ್ಟಿಗೆಯನ್ನೇ ಮತ್ತೆ ಮಾರಿತು. ಅದು ಹತ್ತು ವರ್ಷ ದಾಟಿದರೂ ಖರ್ಚಾಗುತ್ತಲೇ ಇತ್ತು. ವ್ಯಾಪಾರ ಅಂದರೆ ಹೀಗಿರಬೇಕು.

ಈಗ ಜಾಗದ ಲೆಕ್ಕ ನೋಡಿ. ಆ ರೌಟರಿನಲ್ಲಿ ಇದ್ದದ್ದು 4 ಎಂಬಿ ಫ್ಲ್ಯಾಶ್, 16 ಎಂಬಿ ರ್‍ಯಾಮ್. ನಿಮ್ಮ ಮೊಮ್ಮಗುವಿನ ಒಂದು ಫೋಟೊ ಆ 4 ಎಂಬಿ ತುಂಬುತ್ತದೆ. ಅಷ್ಟರಲ್ಲಿ ಒಂದು ಆಪರೇಟಿಂಗ್ ಸಿಸ್ಟಮ್ಮನ್ನೇ ಕೂರಿಸುವುದು ಹೇಗೆ ಎಂದು ಬೇರೆ ಊರಿನವರು ಕೇಳಬಹುದು. ಗಿರಗಾಂವದ ಚಾಳಿನ ಖೋಲಿಯಲ್ಲಿ ಬೆಳೆದವರು ಕೇಳುವುದಿಲ್ಲ. ಬೆಳಿಗ್ಗೆ ಹಾಸಿಗೆ ಸುತ್ತಿಟ್ಟರೆ ಅದೇ ಊಟದ ಕೋಣೆ, ಮಧ್ಯಾಹ್ನ ಹಪ್ಪಳ ಲಟ್ಟಿಸುವ ಜಾಗ, ಸಂಜೆ ಮಕ್ಕಳ ಶಾಲೆ. ಇಲ್ಲೂ ಹಾಗೆಯೇ. ಬ್ಯುಸಿಬಾಕ್ಸ್ ಎಂಬ ಒಂದೇ ಪ್ರೋಗ್ರಾಂ, ಕರೆದ ಹೆಸರಿಗೆ ತಕ್ಕಂತೆ ಹತ್ತಾರು ಕೆಲಸ ಮಾಡುತ್ತದೆ. ಮೂಲ ವ್ಯವಸ್ಥೆಯನ್ನು ಹಿಂಡಿ, ಮಡಚಿ ಒಂದು ಮೂಲೆಯಲ್ಲಿ ಭದ್ರವಾಗಿ ಇಟ್ಟಿರುತ್ತಾರೆ, ಅದನ್ನು ಯಾರೂ ತಿದ್ದುವ ಹಾಗಿಲ್ಲ. ನೀವು ಮಾಡುವ ಬದಲಾವಣೆಯೆಲ್ಲ ಅದರ ಮೇಲಿನ ಹೊದಿಕೆಯಲ್ಲಿ. ಏನಾದರೂ ಎಡವಟ್ಟಾದರೆ ಹೊದಿಕೆ ಕೊಡವಿಬಿಟ್ಟರೆ ಸಾಕು, ಖೋಲಿ ಮೊದಲಿನಂತೆ.

ನನಗೆ ಇದರ ಹುಚ್ಚು ಹತ್ತಿಸಿದವನು ಅಕ್ಕನ ಮಗ. ಭಾನುವಾರ ಬಂದವನೇ ಹಳೆಯ ರೌಟರನ್ನು ಊಟದ ಮೇಜಿನ ಮೇಲಿಟ್ಟು, ಲ್ಯಾಪ್‌ಟಾಪಿಗೆ ವೈರು ಸಿಕ್ಕಿಸಿ, ಓಪನ್‌ಡಬ್ಲ್ಯುಆರ್‌ಟಿಯ ಫೈಲ್ ಏರಿಸತೊಡಗಿದ.

“ಮಾವ, ಆ ಲೈಟು ಮಿಣುಕುವುದು ನಿಲ್ಲುವವರೆಗೆ ಪ್ಲಗ್ ಮುಟ್ಟಬೇಡಿ.”

“ಮುಟ್ಟಿದರೆ?”

“ಪೇಪರ್‌ವೇಟ್ ಆಗುತ್ತದೆ.”

ಅಡುಗೆಮನೆಯಿಂದ ಇವಳು, “ನನ್ನ ಧಾರಾವಾಹಿಯ ಹೊತ್ತಿಗೆ ನೆಟ್ ಬರುತ್ತದೋ ಇಲ್ಲವೋ?” ಎಂದಳು. “ಅತ್ತೆ, ಅದು ಬೇರೆ ರೌಟರ್, ಇದು ಬೇರೆ,” ಎಂದ. ಅವಳಿಗೆ ನಂಬಿಕೆ ಬಂದಂತೆ ಕಾಣಲಿಲ್ಲ.

ಲೈಟು ನಿಂತಿತು. ಕಪ್ಪು ತೆರೆಯ ಮೇಲೆ ಅಕ್ಷರ, ಗೀಟುಗಳಿಂದಲೇ ಬಿಡಿಸಿದ ಹೆಸರು, ಕೆಳಗೆ ‘ವೈರ್‌ಲೆಸ್ ಫ್ರೀಡಂ’ ಎಂಬ ಘೋಷವಾಕ್ಯ. ಹಿಂದಿನ ಆವೃತ್ತಿಗಳಿಗೆಲ್ಲ ಕಾಕ್‌ಟೇಲುಗಳ ಹೆಸರಂತೆ: ವೈಟ್ ರಷ್ಯನ್, ಕಾಮಿಕಾಜಿ, ಬ್ಯಾಕ್‌ಫೈರ್. ಅಷ್ಟೇ ಅಲ್ಲ, ಲಾಗಿನ್ ಆದ ಕೂಡಲೇ ಆ ಪಾನೀಯ ಬೆರೆಸುವ ವಿಧಾನವೂ ತೆರೆಯ ಮೇಲೆ ಬರುತ್ತಿತ್ತು, ವೋಡ್ಕಾ ಎಷ್ಟು, ಕ್ರೀಮ್ ಯಾವಾಗ ಎಂಬಲ್ಲಿಯವರೆಗೆ. ಈ ತಂಡದಲ್ಲಿ ಒಬ್ಬ ಮಾಟುಂಗಾದವನಿದ್ದಿದ್ದರೆ ಪುನರ್ಪುಳಿ ಸಾರು 1.0, ಮಸಾಲೆ ಮಜ್ಜಿಗೆ 2.0 ಎಂದು ಬಿಡುಗಡೆಯಾಗಿ, ರೌಟರ್ ಕೆಟ್ಟರೂ ಅಡುಗೆಯಾದರೂ ಉಳಿಯುತ್ತಿತ್ತು. ಈಗ ಬರೀ ನಂಬರುಗಳು. ಎಲ್ಲ ಕಡೆಯೂ ಹೀಗೇ ಆಗುತ್ತಿದೆ, ಏನಂತೀರಿ?

ಏರಿಸುವಾಗ ಕೈಕೊಟ್ಟರೆ ಬದುಕಿಸಲು ಎಷ್ಟೋ ಸಲ ಒಂದು ಸೀರಿಯಲ್ ಕೇಬಲ್ ಬೇಕು, ಅದಕ್ಕೆ ಎಲೆಕ್ಟ್ರಾನಿಕ್ಸ್ ಅಂಗಡಿಗಳ ಲ್ಯಾಮಿಂಗ್ಟನ್ ರೋಡೇ ಗತಿ. ಬೋರ್ಡಿನಲ್ಲಿ ಡಾ. ದಾದಾಸಾಹೇಬ್ ಭಡ್ಕಮ್‌ಕರ್ ಮಾರ್ಗ್ ಎಂದಿದೆ, ಟ್ಯಾಕ್ಸಿಯವನಿಗೆ ಹಾಗೆಂದು ಹೇಳಿ ನೋಡಿ. ಅದೇ ರಸ್ತೆಯ ಮಿನರ್ವಾ ಟಾಕೀಸಿನಲ್ಲಿ ‘ಶೋಲೆ’ ಐದು ವರ್ಷ ಓಡಿತು. ‘ಶೋಲೆ’ ಬಿಡುಗಡೆಯಾದದ್ದು 1975ರ ಆಗಸ್ಟ್ 15. ಸರಿಯಾಗಿ ಇಪ್ಪತ್ತು ವರ್ಷಕ್ಕೆ, 1995ರ ಆಗಸ್ಟ್ 15ರಂದು, ಸರ್ಕಾರಿ ಕಂಪನಿ ವಿಎಸ್‌ಎನ್‌ಎಲ್ ಜನಸಾಮಾನ್ಯರಿಗೆ ಇಂಟರ್ನೆಟ್ ಬಿಟ್ಟಿತು. ಇನ್ನು ವೈಫೈ ಓಡಾಡುವ 2.4 ಗಿಗಾಹರ್ಟ್ಸ್ ಅಲೆಗಳನ್ನು ಸರ್ಕಾರ ಲೈಸೆನ್ಸಿನಿಂದ ಪೂರ್ತಿ ಬಿಡುಗಡೆ ಮಾಡಿದ್ದು 2005ರ ಜನವರಿಯಲ್ಲಿ. ಸಮುದ್ರದಡಿಯ ಕೇಬಲ್ಲುಗಳು ಖಂಡಾಂತರ ದಾಟಿ ವರ್ಸೋವಾದ ದಡ ಹತ್ತುತ್ತವೆ. ಅಲ್ಲಿಂದ ಹೊರಟ ಸಿಗ್ನಲ್ಲಿಗೆ ನಮ್ಮ ಅಡುಗೆಮನೆಯ ಗೋಡೆ ದಾಟಲು ಮಾತ್ರ ಆಗುವುದಿಲ್ಲ! ಪೊವಾಯಿ ಐಐಟಿಯವರು ‘ಗ್ರಾಮ್ ಮಾರ್ಗ್’ ಯೋಜನೆಯಲ್ಲಿ, ಟಿವಿ ಪ್ರಸಾರಕ್ಕೆಂದು ಇಟ್ಟು ಖಾಲಿ ಬಿದ್ದಿದ್ದ ಅಲೆಗಳ ಮೇಲೆ ಪಾಲ್ಘರ್‌ನ ಹಳ್ಳಿಗಳಿಗೆ ಇಂಟರ್ನೆಟ್ ಮುಟ್ಟಿಸಿ, 2017ರಲ್ಲಿ ಮೊಜಿಲ್ಲಾದ ಬಹುಮಾನ ಗೆದ್ದರು. ಅವರನ್ನು ಒಮ್ಮೆ ನಮ್ಮ ಅಡುಗೆಮನೆಗೂ ಕರೆಯಬೇಕೆಂದಿದ್ದೆ. ಅಷ್ಟರಲ್ಲಿ ಅಳಿಯ ಬದುಕಿಸಿದ ಹಳೆಯ ಪೆಟ್ಟಿಗೆ ಫ್ರಿಜ್ಜಿನ ಮೇಲೆ ಕೂತು ಸಿಗ್ನಲ್ ಮುಟ್ಟಿಸುವ ಕೆಲಸ ವಹಿಸಿಕೊಂಡಿತು. ಈಗ ಇವಳ ಧಾರಾವಾಹಿ ಒಗ್ಗರಣೆಯ ಹೊತ್ತಿಗೂ ನಿಲ್ಲುವುದಿಲ್ಲ. ಇದು ಲಾಭವೋ ನಷ್ಟವೋ ನೀವೇ ಹೇಳಿ.

ನೀವೂ ಕೈಹಾಕುವುದಾದರೆ ಮೊದಲು ಪೆಟ್ಟಿಗೆಯ ತಳದ ಚೀಟಿ ಓದಿ. ಮಾಡೆಲ್ ಒಂದೇ ಇದ್ದರೂ ವರ್ಷನ್ ಬದಲಾದರೆ ಒಳಗಿನ ಚಿಪ್ಪೇ ಬೇರೆಯಿರಬಹುದು. ಹೊಸ ಆವೃತ್ತಿಗಳಿಗೆ 8 ಎಂಬಿ ಫ್ಲ್ಯಾಶ್, 64 ಎಂಬಿ ರ್‍ಯಾಮ್ ಆದರೂ ಬೇಕು. 4 ಎಂಬಿಯ ಖೋಲಿಗಳೆಲ್ಲ ರೀಡೆವಲಪ್‌ಮೆಂಟಿಗೆ ಹೋದವು. ಇಷ್ಟು ಓದಿಯೂ ಧೈರ್ಯ ಬಾರದಿದ್ದರೆ ಅಳಿಯನನ್ನು ಕಳಿಸಿಕೊಡುತ್ತೇನೆ. ಮಜೂರಿ ಬೇಡ ಎನ್ನುತ್ತಾನೆ, ಆದರೆ ನೀರುದೋಸೆಯ ಹಿಟ್ಟು ಸ್ವಲ್ಪ ಜಾಸ್ತಿಯೇ ರುಬ್ಬಿಟ್ಟಿರಿ.