ಎರಡನೆಯ ಪ್ರತಿ

ಶಬ್ದ, ಧಾತುಗಳನ್ನು ಬಾಯಿಪಾಠ ಮಾಡಿಸುತ್ತ ಕೂದಲು ನರೆಸಿಕೊಂಡ ನಿವೃತ್ತ ಉಪಾಧ್ಯಾಯನೊಬ್ಬನು ಹಾರ್ಡ್ ಡಿಸ್ಕಿನ ವಿಷಯವಾಗಿ ಬರೆಯಹೊರಟಿರುವುದನ್ನು ಕಂಡು ವಾಚಕರು ನಗಬಹುದು. ನಗಲಿ; ಮೊದಮೊದಲು ನನಗೂ ನಗೆಯೇ ಬರುತ್ತಿತ್ತು. ಆದರೆ 2024ನೆಯ ಇಸವಿಯ ಆಷಾಢಮಾಸದಲ್ಲಿ ಆ ನಗೆಯು ಅಡಗಿತು. ಅದು ಹೇಗೆಂಬುದನ್ನು ಅರಿಕೆ ಮಾಡುವೆನು. ಮನೆಯಲ್ಲಿ ಇಂಥ ಯಂತ್ರವನ್ನಿಟ್ಟುಕೊಂಡ ಗೃಹಸ್ಥರು ಈಗ ಬಹಳ ಮಂದಿ ಇರುವುದರಿಂದ, ಒಬ್ಬಿಬ್ಬರಿಗಾದರೂ ಇದು ಪ್ರಯೋಜನಕ್ಕೆ ಬಂದೀತು.

ಸಾಸ್ತಾನದ ಪೇಟೆಯಿಂದ ಪಡುವಣಕ್ಕೆ ಸ್ವಲ್ಪ ದೂರದಲ್ಲಿರುವ ನಮ್ಮ ಮನೆಯ ಉಪ್ಪರಿಗೆಯಲ್ಲಿ, ಹಳೆಯ ಪಾತ್ರೆಪರಡಿಗಳನ್ನಿಡುತ್ತಿದ್ದ ಕಿರುಗೋಣೆಯೊಂದಿದೆ. ಅಲ್ಲಿ ಪುಸ್ತಕದ ಪೆಟ್ಟಿಗೆಯಷ್ಟು ಗಾತ್ರದ ಸರ್ವರ್ ಒಂದನ್ನು 2019ನೆಯ ಕಾರ್ತಿಕದಲ್ಲಿ ನನ್ನ ಹಳೆಯ ಶಿಷ್ಯನೊಬ್ಬನು ಹೂಡಿಕೊಟ್ಟನು. ಅವನು ಮಣಿಪಾಲದಲ್ಲಿ ಕಂಪ್ಯೂಟರಿನ ಕೆಲಸದಲ್ಲಿರುವವನು. ಅಜ್ಜನ ಕಾಲದ ತಾಳೆಗರಿಗಳ ಚಿತ್ರಗಳು, ತಂದೆಯವರು ಕೈಯಾರೆ ಬರೆದಿಟ್ಟ ಯಕ್ಷಗಾನ ಪ್ರಸಂಗಗಳು, ಜಾಗದ ಕಾಗದಪತ್ರಗಳು, ಯಾವತ್ತೂ ಅದರೊಳಗೆ ಸೇರಿದವು. ಇವುಗಳೊಡನೆ ಇನ್ನೊಂದು ವಸ್ತುವೂ ಸೇರಿತು. ನನ್ನ ಪತ್ನಿಯು ಅದೇ ವರ್ಷದ ಚೈತ್ರದಲ್ಲಿ ತೀರಿಕೊಂಡಳು. ಮದುವೆ, ಉಪನಯನಗಳಲ್ಲಿ ಹಾಡುವ ಶೋಭಾನೆ ಹಾಡುಗಳು ಆಕೆಗೆ ಬಹಳ ಬರುತ್ತಿದ್ದವು. 1994ರಲ್ಲಿ ಮಗಳು ಇನ್ನೂ ತೊಟ್ಟಿಲಲ್ಲಿದ್ದಾಗ, ನಾನೊಂದು ಟೇಪ್ ರೆಕಾರ್ಡರನ್ನು ತಂದು ಮೂವತ್ತನಾಲ್ಕು ಹಾಡುಗಳನ್ನು ಕ್ಯಾಸೆಟ್ಟುಗಳಲ್ಲಿ ತುಂಬಿಸಿಟ್ಟಿದ್ದೆನು. ಕರಾವಳಿಯ ಮಳೆಗಾಲವು ಕ್ಯಾಸೆಟ್ಟುಗಳಿಗೆ ಎಂಥ ಶತ್ರುವೆಂಬುದನ್ನು ಇಲ್ಲಿಯವರಿಗೆ ಹೇಳಬೇಕಾಗಿಲ್ಲ. ಸುರುಳಿಗಳಿಗೆ ಬೂಷ್ಟು ಹಿಡಿಯುತ್ತಿದ್ದುದರಿಂದ ಹಾಡುಗಳನ್ನು ಸರ್ವರಿಗೆ ಏರಿಸಿ, ಮರುವರ್ಷ ಆ ಕ್ಯಾಸೆಟ್ಟುಗಳನ್ನು ನಾನೇ ಎಸೆದುಬಿಟ್ಟೆನು.

ಎಸೆಯಲು ನನಗೆ ಧೈರ್ಯವನ್ನು ಕೊಟ್ಟದ್ದು ಶಿಷ್ಯನ ಒಂದು ಮಾತು. ಪೆಟ್ಟಿಗೆಯೊಳಗೆ ನಾಲ್ಕು ಟಿ.ಬಿ. ಹಿಡಿಸುವ ಡಿಸ್ಕುಗಳು ಎರಡಿವೆ. ಒಂದರಲ್ಲಿ ಬರೆದದ್ದು ಅದೇ ಕ್ಷಣದಲ್ಲಿ ಇನ್ನೊಂದರಲ್ಲಿಯೂ ಬರೆಯಲ್ಪಡುವುದು. ಆದುದರಿಂದ ಒಂದು ಕೆಟ್ಟರೂ ಇನ್ನೊಂದಿರುವುದು. ಇದಕ್ಕೆ ರೇಡ್ ಎಂದು ಹೆಸರು. ಅಗ್ಗದ ಡಿಸ್ಕುಗಳನ್ನು ಕೂಟವಾಗಿ ಕಟ್ಟಿ ದುಬಾರಿ ಡಿಸ್ಕಿನ ಕೆಲಸವನ್ನು ತೆಗೆಯಬಹುದೆಂದು ಅಮೆರಿಕೆಯ ಬರ್ಕ್ಲಿ ವಿಶ್ವವಿದ್ಯಾಲಯದ ಪ್ಯಾಟರ್ಸನ್, ಗಿಬ್ಸನ್, ಕಾಟ್ಜ್ ಎಂಬ ಮೂವರು 1988ರಲ್ಲಿ ಪ್ರಕಟಿಸಿದ ಲೇಖನದಿಂದ ಈ ಹೆಸರು ಪ್ರಸಿದ್ಧಿಗೆ ಬಂದಿತು. ಎರಡು ಡಿಸ್ಕುಗಳ ಈ ಏರ್ಪಾಡು ಕನ್ನಡಿಯಂತೆ. ಕನ್ನಡಿಯೆಂಬ ಮಾತನ್ನು ನಾನು ಅಂದೇ ಚೆನ್ನಾಗಿ ಯೋಚಿಸಬೇಕಾಗಿತ್ತು: ಮುಖಕ್ಕೆ ಮಸಿ ಹತ್ತಿದರೆ ಬಿಂಬಕ್ಕೂ ಹತ್ತುವುದು. ಕೈತಪ್ಪಿ ಒಂದರಲ್ಲಿ ಅಳಿಸಿದ್ದು ಎರಡರಲ್ಲಿಯೂ ಅಳಿಯುವುದು. ಬೆಂಕಿ ಬಿದ್ದರೆ ಎರಡೂ ಒಟ್ಟಿಗೇ ಬೇಯುವುವು.

ರೋಗದ ಪೂರ್ವರೂಪವು ಹಾಡಿನಲ್ಲಿಯೇ ಕಾಣಿಸಿತು. ಒಂದು ಸಂಜೆ ಹಾಡು ನಡುವೆ ತಡೆದು ನಿಂತು, ಅರ್ಧ ನಿಮಿಷದ ಮೇಲೆ ಮುಂದುವರಿಯಿತು. ಮೇಲೆ ಹೋಗಿ ಕಿವಿಗೊಟ್ಟರೆ ಪೆಟ್ಟಿಗೆಯೊಳಗೆ ಹಲ್ಲಿ ಲೊಚಗುಟ್ಟಿದಂತೆ ಟಕ್, ಟಕ್ ಎಂಬ ಸದ್ದು. ಶಿಷ್ಯನಿಗೆ ಫೋನು ಮಾಡಿದೆನು. ಅವನು ಮೊದಲು ಕೇಳಿದ್ದು, “ಮಾಷ್ಟ್ರೇ, ಇ-ಮೇಲ್ ಕಾಣ್ಲಿಲ್ಯಾ?” ಎಂದು. ನೋಡಿರಲಿಲ್ಲ. ಯಂತ್ರವು ಹನ್ನೊಂದು ದಿನಗಳಿಂದ, ನಾನು ಎಂದೂ ತೆರೆಯದ ಒಂದು ವಿಳಾಸಕ್ಕೆ, ತನಗೆ ಸೌಖ್ಯವಿಲ್ಲವೆಂದು ದಿನಕ್ಕೊಂದು ಪತ್ರವನ್ನು ಬರೆಯುತ್ತಲೇ ಇತ್ತು! ಮಕ್ಕಳು ರಜಾಪತ್ರವನ್ನು ಕೊಡಲಿಲ್ಲವೆಂದು ಮೂವತ್ತು ವರ್ಷ ಗದರಿಸಿದವನು ನಾನು.

ಇನ್ನು ನಿದಾನದ ಮಾತು. ರೋಗವನ್ನು ತಿಳಿಯಲು ನಿದಾನ, ಪೂರ್ವರೂಪ, ರೂಪ, ಉಪಶಯ, ಸಂಪ್ರಾಪ್ತಿ ಎಂಬ ಐದು ಉಪಾಯಗಳನ್ನು ನಮ್ಮ ವೈದ್ಯಶಾಸ್ತ್ರವು ಹೇಳುತ್ತದೆ. ಇವುಗಳಲ್ಲಿ ಉಪಶಯವೆಂದರೆ ಔಷಧವನ್ನು ಕೊಟ್ಟುನೋಡಿ ರೋಗವನ್ನು ಗುರುತಿಸುವುದು. ಶಿಷ್ಯನು ಮಾಡಿಸಿದ್ದು ಅದನ್ನೇ. ನಮ್ಮಲ್ಲಿ ಕೋಡಿಯ ಕಡೆಯಿಂದ ಬೀಸುವ ಕಡಲಗಾಳಿಗೆ ಸೈಕಲ್ಲಿನ ಸರಪಳಿಯು ಒಂದೇ ಮಳೆಗಾಲದಲ್ಲಿ ತುಕ್ಕು ಹಿಡಿಯುವುದು. ಆದಕಾರಣ ತಂತಿಯ ಮೇಲೆ ಮೊದಲ ಸಂಶಯ. ಯಂತ್ರವನ್ನು ಆರಿಸಿ, ತಂತಿಯನ್ನು ಬದಲಿಸಿ ನೋಡಿದೆವು, ಸದ್ದು ನಿಲ್ಲಲಿಲ್ಲ. ಪ್ರತಿಯೊಂದು ಡಿಸ್ಕೂ ತನ್ನ ಆರೋಗ್ಯದ ದಿನಚರಿಯನ್ನು ತಾನೇ ಇಟ್ಟುಕೊಳ್ಳುವುದಂತೆ. ಅದಕ್ಕೆ ಸ್ಮಾರ್ಟ್ ಎಂದು ಹೆಸರು. ಮಣಿಪಾಲದಲ್ಲಿ ಕುಳಿತೇ ಅವನು ಅದನ್ನು ತೆರೆದು ಓದಿ ಹೇಳಿದನು. ತಂತಿಯ ದೋಷವನ್ನು ಎಣಿಸುವ 199ನೆಯ ಸಾಲಿನಲ್ಲಿ ಸೊನ್ನೆ. ಆದರೆ 5ನೆಯ ಸಾಲಿನಲ್ಲಿ 184, 197ನೆಯ ಸಾಲಿನಲ್ಲಿ 56. ದುಡಿದ ಕಾಲ 41,000 ಗಂಟೆಗಳು, ಎಂದರೆ ನಾಲ್ಕು ವರ್ಷ ಎಂಟು ತಿಂಗಳು, ಹಗಲಿರುಳು.

ಈ ಅಂಕಿಗಳ ಅರ್ಥವನ್ನು ತಾಳೆಗರಿಯನ್ನು ಕಂಡವರು ಸುಲಭವಾಗಿ ಗ್ರಹಿಸಬಲ್ಲರು. ಗರಿಯಲ್ಲಿ ಕೆಟ್ಟ ಜಾಗವಿದ್ದರೆ ಲಿಪಿಕಾರನು ಅದನ್ನು ಬಿಟ್ಟು ಮುಂದೆ ಬರೆಯುವನು. ಡಿಸ್ಕು ಸಹ ಕೆಟ್ಟ ಜಾಗವನ್ನು ಬಿಟ್ಟು, ಮೊದಲೇ ಮೀಸಲಿಟ್ಟ ಬೇರೆ ಜಾಗದಲ್ಲಿ ಬರೆದುಕೊಳ್ಳುವುದು. ಹಾಗೆ ಬಿಟ್ಟ ಜಾಗಗಳು 184. ಓದಲಾಗದೆ, ಏನು ಮಾಡುವುದೆಂದು ಇನ್ನೂ ತೀರ್ಮಾನವಾಗದೆ ಉಳಿದವು 56. ಒಂದೆರಡಾದರೆ ಗಾಬರಿಯಿಲ್ಲ; ದಿನದಿನಕ್ಕೆ ಏರುತ್ತಿದ್ದರೆ ಆ ಡಿಸ್ಕನ್ನು ನಂಬಲಾಗದು. ಮಿನಿಟಿಗೆ 5,400 ಸುತ್ತು ತಿರುಗುವ ತಟ್ಟೆಯ ಮೇಲೆ, ಕೂದಲಿನ ಸಹಸ್ರಾಂಶಕ್ಕಿಂತಲೂ ಕಡಿಮೆ ಎತ್ತರದಲ್ಲಿ ಓದುವ ಮುಳ್ಳು ತೇಲುತ್ತಿರುವುದು. ಅಷ್ಟು ವರ್ಷ ಸವೆಯದೆ ನಿಂತದ್ದೇ ನನಗೆ ಆಶ್ಚರ್ಯವಾಗಿ ತೋರಿತು. ಕೊನೆಗೆ ದೀರ್ಘಪರೀಕ್ಷೆಯೊಂದನ್ನು ಹೂಡಲು, ಅದು ಅರ್ಧಕ್ಕೂ ಹೋಗದೆ ಓದಲಾರೆನೆಂದು ನಿಂತುಬಿಟ್ಟಿತು.

ಆ ಭಾನುವಾರ ಶಿಷ್ಯನು ತಾನೇ ಬಂದು, ಮೊದಲು ಹೊಸ ಡಿಸ್ಕಿನ ಮಾತನ್ನೇ ಎತ್ತದೆ, ಜೇಬಿನಲ್ಲಿ ಹಿಡಿಸುವ ಬೇರೊಂದು ಡಿಸ್ಕನ್ನು ತೆಗೆದು, ಆರೋಗ್ಯವಾಗಿದ್ದ ಡಿಸ್ಕಿನಿಂದ ಹಾಡುಗಳನ್ನೂ ತಾಳೆಗರಿಗಳನ್ನೂ ಪ್ರತಿಮಾಡಿದನು. ಮೂವತ್ತನಾಲ್ಕು ಹಾಡುಗಳೂ ಸೇರಿ ಎರಡು ಜಿ.ಬಿ. ಸಹ ಆಗಲಿಲ್ಲ. ಕೆಲವೇ ನಿಮಿಷಗಳ ಕೆಲಸ. ಐದು ವರ್ಷಗಳಲ್ಲಿ ನಾನದನ್ನು ಒಮ್ಮೆಯೂ ಮಾಡಿರಲಿಲ್ಲ. ಹೊಸ ಡಿಸ್ಕಿಗೆ ಪ್ರತಿಮಾಡುವಾಗ ಉಳಿದಿರುವ ಡಿಸ್ಕನ್ನು ಆದಿಯಿಂದ ಅಂತ್ಯದವರೆಗೆ ಓದಬೇಕಾಗುವುದು; ಒಡಹುಟ್ಟಿದ್ದು ಮಲಗಿರುವಾಗ ಇದರ ಬಲವನ್ನೂ ಅತಿಯಾಗಿ ನಂಬಬಾರದೆಂದು ಅವನ ನ್ಯಾಯ.

ಹೊಸ ಡಿಸ್ಕನ್ನು ಆರಿಸುವುದರಲ್ಲಿಯೂ ಒಂದು ಸೂಕ್ಷ್ಮವಿದೆ. ಅಗ್ಗದ ಕೆಲವು ಡಿಸ್ಕುಗಳಲ್ಲಿ ಬರೆಹದ ಪಥಗಳನ್ನು ಒಂದರ ಮೇಲೊಂದು ಅಂಚು ಬರುವಂತೆ, ನಮ್ಮ ಮಾಡಿನ ಮಂಗಳೂರು ಹೆಂಚುಗಳಂತೆ ಹೊದಿಸಿರುವರು. ಜಾಗವು ಉಳಿಯುವುದು ನಿಜ. ಆದರೆ ನಡುವಿನ ಒಡೆದ ಹೆಂಚೊಂದನ್ನು ಬದಲಿಸಬೇಕಾದರೆ ಮೇಲಿನ ಸಾಲನ್ನೂ ಎತ್ತಬೇಕಷ್ಟೆ! ಅಲ್ಲಿಯೂ ಹಾಗೆಯೇ, ಒಂದನ್ನು ತಿದ್ದಲು ನೆರೆಯದನ್ನೆಲ್ಲ ಮತ್ತೆ ಬರೆಯಬೇಕು. ಪ್ರತಿಮಾಡುವಾಗ ಅದು ಬಹಳ ತಡಮಾಡುವುದು. ಹಾಗಿಲ್ಲದ್ದನ್ನೇ ತರಿಸಿದೆವು.

ಅದು ಬರಲು ಐದು ದಿನಗಳು ಹಿಡಿದವು. ಹೊರಗೆ ಎಡೆಬಿಡದ ಮಳೆ. ಆ ದಿನಗಳಲ್ಲಿ ನನಗೆ ಅರ್ಥಶಾಸ್ತ್ರದ ನೆನಪು ಪದೇ ಪದೇ ಬರುತ್ತಿತ್ತು. ಕೌಟಿಲ್ಯನ ಆ ಗ್ರಂಥವನ್ನು ಪಂಡಿತರು ಇತರ ಗ್ರಂಥಗಳಲ್ಲಿ ಬರುವ ಉಲ್ಲೇಖಗಳಿಂದ ಮಾತ್ರ ಬಲ್ಲವರಾಗಿದ್ದರು. ತಂಜಾವೂರಿನ ಕಡೆಯ ಪಂಡಿತರೊಬ್ಬರು ಮೈಸೂರಿನ ಓರಿಯೆಂಟಲ್ ಲೈಬ್ರರಿಗೆ ಒಪ್ಪಿಸಿದ ತಾಳೆಗರಿಯ ಪ್ರತಿಯಲ್ಲಿ ಆರ್. ಶಾಮಶಾಸ್ತ್ರಿಗಳು 1905ರಲ್ಲಿ ಅದನ್ನು ಗುರುತಿಸಿದರು, 1909ರಲ್ಲಿ ಅಚ್ಚುಹಾಕಿಸಿದರು. ಬೇರೆ ಪ್ರತಿಗಳು ತರುವಾಯ ದೊರೆತವೆನ್ನಿ. ಆ ಪಂಡಿತರ ಮನೆಯ ಅಟ್ಟವೂ ಒಂದು ಮಳೆಗಾಲದಲ್ಲಿ ಸೋರಿದ್ದರೆ?

ಡಿಸ್ಕು ಬಂದ ದಿನ ಶಿಷ್ಯನಿಗೆ ರಜೆಯಿರಲಿಲ್ಲ. ಅವನು ದೂರದಿಂದಲೇ ರೋಗಿಷ್ಠ ಡಿಸ್ಕನ್ನು ಕೂಟದಿಂದ ಹೊರಹಾಕಿ ಯಂತ್ರವನ್ನು ಆರಿಸಿದನು. ತಿರುಪುಗಳನ್ನು ಬಿಚ್ಚುವ ಕೆಲಸ ನನ್ನದಾಯಿತು. ಐದು ವರ್ಷದ ಹಿಂದೆ ಎರಡು ಡಿಸ್ಕುಗಳಿಗೂ ಒಂದು, ಎರಡು ಎಂದು ನನ್ನ ಕೈಯಿಂದಲೇ ಚೀಟಿ ಅಂಟಿಸಿದ್ದೆನು. ಕೆಟ್ಟದ್ದು ಎರಡನೆಯದು. ಫೋನನ್ನು ಪಕ್ಕದಲ್ಲಿಟ್ಟುಕೊಂಡು, ಎರಡೆಂದಿದ್ದುದರ ಮೂರು ತಿರುಪುಗಳನ್ನು ತೆಗೆದು ನಾಲ್ಕನೆಯದಕ್ಕೆ ಕೈಹಾಕಿದೆನು. ಅಷ್ಟರಲ್ಲಿ ಅವನು, “ಹ್ವಾಯ್ ಮಾಷ್ಟ್ರೇ, ನಿಲ್ಲಿ! ಚೀಟಿ ಕಂಡ್ ತೆಗುಕಾಗ. ಡಿಸ್ಕಿನ ನಂಬ್ರ ಓದಿ,” ಎಂದನು. ಕನ್ನಡಕವನ್ನು ಏರಿಸಿ ಓದಿದೆನು. ಅವನಲ್ಲಿದ್ದ ಸಂಖ್ಯೆಯೇ ಬೇರೆ. ನಾನು ಬಿಚ್ಚುತ್ತಿದ್ದುದು ಆರೋಗ್ಯವಾಗಿದ್ದ ಡಿಸ್ಕನ್ನು!

ಆದದ್ದಿಷ್ಟು: ಯಂತ್ರವು ಎದ್ದಾಗ ಯಾವುದು ಮೊದಲು ಕಂಡಿತೋ ಅದನ್ನು ಎಸ್‌ಡಿಎ ಎಂದೂ ಮುಂದಿನದನ್ನು ಎಸ್‌ಡಿಬಿ ಎಂದೂ ಕರೆಯುವುದು. ಇನ್ನೊಂದು ದಿನ ಈ ಕ್ರಮವು ಅದಲುಬದಲಾದೀತು. ನನ್ನ ಚೀಟಿಯು ಬೆಂಚಿನ ಲೆಕ್ಕ. ಕಾರ್ಖಾನೆಯವರು ಮೈಮೇಲೆ ಅಚ್ಚೊತ್ತಿದ ಸಂಖ್ಯೆಯು ಹಾಜರಿ ಪಟ್ಟಿಯ ಹೆಸರು. ಬಹಳ ವರ್ಷಗಳ ಹಿಂದೆ, ಮಕ್ಕಳು ಜಾಗ ಬದಲಿಸಿ ಕುಳಿತದ್ದನ್ನು ಅರಿಯದೆ, ಎರಡನೆಯ ಬೆಂಚಿನ ತುದಿಯಲ್ಲಿದ್ದವನಿಗೆ ಬೆತ್ತದಿಂದ ಎರಡೇಟು ಕೊಟ್ಟಿದ್ದೆನು. ತಪ್ಪು ಅವನದಾಗಿರಲಿಲ್ಲ, ಅವನು ಅಳಲೂ ಇಲ್ಲ, ಹೇಳಲೂ ಇಲ್ಲ. ಆ ಮುಖವು ಉಪ್ಪರಿಗೆಯ ಆ ಮಬ್ಬು ಬೆಳಕಿನಲ್ಲಿ ಎದುರಿಗೆ ನಿಂತಂತಾಯಿತು. ಒಳ್ಳೆಯದನ್ನು ತೆಗೆದ ಮಾತ್ರಕ್ಕೆ ಅದು ನಾಶವಾಗುತ್ತಿರಲಿಲ್ಲ. ಆದರೆ ರೋಗಿಷ್ಠವಾದುದನ್ನೇ ಮೂಲವೆಂದೆಣಿಸಿ ಪ್ರತಿಮಾಡಿಸಿ, ತೆಗೆದದ್ದನ್ನು ನಿರುಪಯೋಗಿಯೆಂದು ಅಳಿಸಿದ್ದರೆ ಗತಿಯೇನು? ತಿರುಪುಗಳನ್ನು ಮರಳಿ ಬಿಗಿದು, ಕೈನಡುಕವು ನಿಂತ ಮೇಲೆ ಇನ್ನೊಂದನ್ನು ತೆಗೆದೆನು.

ಸಂಜೆ ಏಳಕ್ಕೆ ಹೊಸ ಡಿಸ್ಕು ಕೂಟಕ್ಕೆ ಸೇರಿತು. ನನ್ನ ಫೋನಿನಲ್ಲಿಯೂ ಕಾಣುವಂತೆ ಶಿಷ್ಯನು ಏರ್ಪಡಿಸಿದ್ದನು: ಕಂಸದೊಳಗೆ ಒಂದು ಯು ಅಕ್ಷರ, ಅದರ ಪಕ್ಕದಲ್ಲಿ ಒಂದು ಖಾಲಿ ಗೆರೆ, ಕೆಳಗೆ ಶೇಕಡಾ ಲೆಕ್ಕ. ಮಲಗೆಂದು ಬೆಂಗಳೂರಿನಿಂದ ಮಗಳು ಎರಡು ಸಲ ಹೇಳಿದಳು. “ಅಪ್ಪಯ್ಯ, ನೀವು ಕೂತ್ಕೊಂಡ್ರೆ ಅದು ಬೇಗ ಆಗುದಾ?” ಎಂಬ ಅವಳ ಪ್ರಶ್ನೆಗೆ ನನ್ನಲ್ಲಿ ಉತ್ತರವಿರಲಿಲ್ಲ. ರಾತ್ರಿ ಎರಡು ಗಂಟೆಗೆ ಗಾಳಿಮಳೆಗೆ ವಿದ್ಯುತ್ತು ಹೋಯಿತು. ಯುಪಿಎಸ್ ಕೂಗತೊಡಗಿತು. ಲೆಕ್ಕವು 74ರಲ್ಲಿದ್ದಿತು. ಇಪ್ಪತ್ತೆರಡು ನಿಮಿಷಗಳ ಮೇಲೆ ದೀಪ ಬಂದಿತು, ಲೆಕ್ಕವು ನಿಂತಿರಲಿಲ್ಲ. ಬೆಳಗಿನ ನಾಲ್ಕೂವರೆಯ ಹೊತ್ತಿಗೆ ಖಾಲಿ ಗೆರೆಯಿದ್ದಲ್ಲಿ ಇನ್ನೊಂದು ಯು ಮೂಡಿತು.

ಈಗ ಹಾಡುಗಳ ಮೂರನೆಯ ಪ್ರತಿಯು ಮಗಳ ಮನೆಯಲ್ಲಿದೆ. ಯಂತ್ರದ ಪತ್ರಗಳು ನಾನು ಓದುವ ವಿಳಾಸಕ್ಕೇ ಬರುವುವು. ತೆಗೆದ ಡಿಸ್ಕು ಕಪಾಟಿನಲ್ಲಿದೆ. ಅದರ ಮೇಲಿನ ಚೀಟಿಯನ್ನು ಮಾತ್ರ ಕಿತ್ತಿದ್ದೇನೆ. ಅಂದು ಬೆಳಗ್ಗೆ ಸ್ನಾನ ಸಂಧ್ಯಾವಂದನೆಗಳನ್ನು ಮುಗಿಸಿ ಬಂದು, ತಡೆದು ನಿಂತಿದ್ದ ಆ ಹಾಡನ್ನು ಹಾಕಿದೆನು. ಮೂರನೆಯ ನುಡಿಯ ನಡುವೆ ಆಕೆ ಹಾಡನ್ನು ನಿಲ್ಲಿಸಿ, ಹಾಲು ಉಕ್ಕುತ್ತಿದೆ, ಒಲೆಯಿಂದ ಇಳಿಸಿ ಎಂದು ನನಗೆ ಹೇಳುತ್ತಾಳೆ. ಪಾತ್ರೆ ಇಳಿಸಿದ ಸದ್ದೂ ಅದರಲ್ಲಿದೆ. ಆಮೇಲೆ ಬಿಟ್ಟಲ್ಲಿಂದಲೇ ಎತ್ತಿಕೊಂಡು ಹಾಡುತ್ತಾಳೆ.