ಒಂದು ಧಾಟಿ, ಮೂರು ಉರ್ಫ್

ಬ್ಯಾಂಕಿನ ಗುಮಾಸ್ತನಿಗೆ 'ಉರ್ಫ್' ಎಂಬ ಶಬ್ದ ದಿನದ ಊಟವಿದ್ದಂತೆ. ಜಹೀರಾಬಾದಿನ ನಮ್ಮ ಕಡೆ ಹೊಲದ ಕಾಗದದಲ್ಲಿ ಒಂದು ಹೆಸರು, ಪಾಸ್‌ಬುಕ್ಕಿನಲ್ಲಿ ಇನ್ನೊಂದು, ಮನೆಯವರು ಕರೆಯುವುದು ಮತ್ತೊಂದು. ಮನುಷ್ಯ ಮಾತ್ರ ಒಬ್ಬನೇ. ಹಾಡಿನ ಧಾಟಿಗೂ ಹೀಗೆ ಉರ್ಫ್ ಉಂಟು.

ಮುತ್ತುಸ್ವಾಮಿ ದೀಕ್ಷಿತರ 'ವಂದೇ ಮೀನಾಕ್ಷಿ'ಯನ್ನು ನಿಮ್ಮಲ್ಲಿ ಅನೇಕರು ಕೇಳಿರಬಹುದು. 1835ರಲ್ಲಿ ತೀರಿಕೊಂಡ ದೀಕ್ಷಿತರು ಪಾಶ್ಚಾತ್ಯ ಮಟ್ಟುಗಳಿಗೆ ಸಂಸ್ಕೃತ ಸಾಹಿತ್ಯ ಹೊಂದಿಸಿದ 'ನೊಟ್ಟುಸ್ವರ'ಗಳಲ್ಲಿ ಇದೂ ಒಂದು. ಇಂಗ್ಲಿಷಿನ 'ನೋಟ್' ಇಲ್ಲಿ 'ನೊಟ್ಟು' ಆಗಿದೆ. ಇದರ ಮೂಲ 'ರೇಕ್ಸ್ ಆಫ್ ಮ್ಯಾಲೊ' ಎಂಬ ಐರಿಷ್ ಕುಣಿತದ ಮಟ್ಟು. ಮ್ಯಾಲೊ ಐರ್ಲೆಂಡಿನ ಕಾರ್ಕ್ ಪ್ರಾಂತದ ಊರು. 18ನೆಯ ಶತಮಾನದಲ್ಲಿ ಅಲ್ಲಿಯ ಬುಗ್ಗೆ ನೀರಿಗಾಗಿ ಸಿರಿವಂತರು ಬರುತ್ತಿದ್ದರು. ಹಾಡು ಅಲ್ಲಿಯ ಪುಂಡ ಯುವಕರದು: ಕುಡಿತ, ಕುಣಿತ, ಗಳಿಕೆಗಿಂತ ಹೆಚ್ಚು ಖರ್ಚು.

ಇದೇ ಮಟ್ಟು ಇಂಗ್ಲೆಂಡಿನಲ್ಲಿ 'ರಿಗ್ಸ್ ಆಫ್ ಮಾರ್ಲೊ' ಆಯಿತು. ಮಾರ್ಲೊ ಥೇಮ್ಸ್ ನದಿಯ ದಂಡೆಯ ಊರು. ದೂರದ ಮ್ಯಾಲೊ ಹೋಗಿ ಪರಿಚಯದ ಹೆಸರು ಬಂದು ಕುಳಿತಿತು. ಆಕ್ಸ್‌ಫರ್ಡಿನ ಬಳಿಯ ಹೆಡಿಂಗ್ಟನ್ನಿನವರು ಇದಕ್ಕೆ ಕೋಲು ಬಡಿದು ಕುಣಿಯುತ್ತಾರೆ, ನಮ್ಮ ಕೋಲಾಟದ ಹಾಗೆಯೇ. ಪುಂಡರ ಹಾಡು, ಕೋಲಾಟ, ದೇವಿಯ ಸ್ತುತಿ: ಮೂರೂ ಒಂದೇ ಮಟ್ಟು. ಹೆಸರು ಹೇಳುವುದು ಧಾಟಿ ಯಾರ ಸೊತ್ತು ಎಂಬುದನ್ನಲ್ಲ. ಈಗ ಯಾರ ಬಾಯಲ್ಲಿದೆ ಎಂಬುದನ್ನು.

ನಮ್ಮ ಭಜನೆಯ ವಹಿಗಳಲ್ಲೂ ಇದೇ ಕ್ರಮ. ಪದದ ತಲೆಯ ಮೇಲೆ 'ಚಾಲ' ಎಂದು ಬರೆದು, ಎಲ್ಲರಿಗೂ ಗೊತ್ತಿರುವ ಇನ್ನೊಂದು ಪದದ ಹೆಸರು ಕೊಡುತ್ತಾರೆ. ಗೊತ್ತಿರುವ ಹೆಸರೇ ಗೊತ್ತಿಲ್ಲದ ಪದಕ್ಕೆ ಬೀಗದ ಕೈ.

1956ರಲ್ಲಿ ಬೀದರ ಜಿಲ್ಲೆಯ ಜಹೀರಾಬಾದ್, ನಾರಾಯಣಖೇಡಗಳು ಆಂಧ್ರಕ್ಕೆ ಸೇರಿದವು. ಅದೇ ವರ್ಷ ಕಾಸರಗೋಡು ಕೇರಳಕ್ಕೆ. ಮನೆಯ ಮಾತು ಉಳಿಯಿತು, ಶಾಲೆಯ ಮಾತು ಬದಲಾಯಿತು. ನನ್ನ ಮಗಳು ಓದಿದ್ದು ತೆಲುಗಿನಲ್ಲಿ. ಲಿಪಿ ಹತ್ತಿರದ್ದಾದ್ದರಿಂದ ಅವ್ವನ ವಹಿಯನ್ನು ಕೂಡಿಸಿ ಕೂಡಿಸಿ ಓದುತ್ತಾಳೆ. ಚಾಲ ಬರೆದ ಕಡೆ ಮಾತ್ರ ನಿಲ್ಲುತ್ತಾಳೆ. "ಅಪ್ಪಾ, ಇದು ಯಾವ ಪದ?" ನಾನು ಗುನುಗಿದರೆ ಅವಳ ಮುಖ ಅರಳುತ್ತದೆ. "ಅಯ್ಯ, ಇದು ನನಗ ಬರ್ತದಲ್ಲ!" ಎಂದು ಅದನ್ನೇ ತೆಲುಗು ಪದವಾಗಿ ಹಾಡುತ್ತಾಳೆ.

ಧಾಟಿ ಅವಳಲ್ಲಿದೆ, ಹೆಸರು ನನ್ನಲ್ಲಿದೆ. ನನ್ನ ತಲೆಮಾರು ಮುಗಿದರೆ ವಹಿ ಇದ್ದೂ ಬೀಗ ಬಿದ್ದಂತೆ.

ಅದಕ್ಕೆ ಪ್ರತಿ ರವಿವಾರ ನಾವಿಬ್ಬರೂ ಆ ವಹಿ ಹಿಡಿದು ಕೂಡುತ್ತೇವೆ. ಅವ್ವ ಬರೆದ ಹೆಸರಿನ ಪಕ್ಕದಲ್ಲಿ ಮಗಳು ತನಗೆ ಗೊತ್ತಿರುವ ತೆಲುಗು ಹೆಸರು ಬರೆಯುತ್ತಾಳೆ. ನಡುವೆ ನಾನು 'ಉರ್ಫ್' ಎಂದು ಸೇರಿಸುತ್ತೇನೆ. ಕಾಸರಗೋಡಿನ ಬಂಧುಗಳ ಮನೆಗಳಲ್ಲೂ ಇಂಥ ವಹಿಗಳಿರಬೇಕು. ಪಕ್ಕದಲ್ಲಿ ಒಂದು ಮಲಯಾಳಂ ಹೆಸರು ಬರೆದರೆ ಕನ್ನಡದ ಪದಕ್ಕೆ ಕೊರತೆಯಾಗದು. ಹಾಡುವವರು ಸಿಕ್ಕಾರು.