ಒಂದು ಕೈಯ ಪಿಯಾನೊ

ನಮ್ಮ ಭಜನಿ ಮೇಳದಾಗ ಪೇಟಿ ಬಾರಿಸುವವರು ಬಲಗೈಯಿಂದ ಮನಿ ಒತ್ತತಾರ, ಎಡಗೈಯಿಂದ ಗಾಳಿ ಹಾಕತಾರ. ಪಿಯಾನೊ ಹಾಂಗಲ್ಲ. ಅದರ ಮನಿಗಳಿಗೆ ಎರಡೂ ಕೈ ಬೇಕು. ಅಂಥಾ ವಾದ್ಯವನ್ನು ಒಂದೇ ಕೈಯಿಂದ ನುಡಿಸಿ ಬಾಳಿದವರು ಪೌಲ್ ವಿಟ್ಗೆನ್‌ಸ್ಟೈನ್.

1887ರಲ್ಲಿ ವಿಯೆನ್ನಾದ ಉಕ್ಕಿನ ಸಾಹುಕಾರರ ಮನೆಯಲ್ಲಿ ಹುಟ್ಟಿದರು. 1913ರಲ್ಲಿ ಮೊದಲ ಕಚೇರಿ. ಮರುವರ್ಷವೇ ಯುದ್ಧ. ಗುಂಡು ಬಡಿದು ಬಲಗೈ ಕಡಿಯಬೇಕಾಯಿತು. ರಷ್ಯಾದವರು ಸೆರೆ ಹಿಡಿದು ಸೈಬೀರಿಯಾಕ್ಕೆ ಒಯ್ದರು. ಅಲ್ಲಿ ಕಟ್ಟಿಗೆ ಪೆಟ್ಟಿಗಿ ಮ್ಯಾಲೆ ಎಡಗೈ ಬೆರಳು ಬಡಿದು ಸಾಧನೆ ಮಾಡಿದರು. 1916ಕ್ಕೆ ಮತ್ತೆ ಕಚೇರಿ!

ರೊಕ್ಕ ಕೊಟ್ಟು ದೊಡ್ಡವರಿಂದ ಎಡಗೈಗೆಂದೇ ಸಂಗೀತ ಬರೆಸಿದರು. ಫ್ರಾನ್ಸಿನ ರವೆಲ್ ಬರೆದದ್ದನ್ನು 1932ರಲ್ಲಿ ವಿಯೆನ್ನಾದಲ್ಲಿ ನುಡಿಸುವಾಗ ತಮಗೆ ಬೇಕಾದಂತೆ ತಿದ್ದಿಯೂ ಬಿಟ್ಟರು. ರವೆಲ್ ಸಿಟ್ಟಾದರು. ಕೈ ಹೋದರೂ ಹಟ ಹೋಗಿರಲಿಲ್ಲ. ಯೆಹೂದಿ ಮೂಲದವರೆಂದು ನಾಜಿಗಳ ಕಾಲದಾಗ ದೇಶ ಬಿಡಬೇಕಾಯಿತು. ಅಮೆರಿಕದಲ್ಲಿ 1961ರಲ್ಲಿ ತೀರಿಕೊಂಡರು.

ಇದನ್ನು ಬರೆಯಲಿಕ್ಕೆ ಕಾರಣ ಐತಿ. ಮೂವತ್ತು ವರ್ಷ ನನ್ನ ಹಾಡಿಗೆ ಪೇಟಿ ಹಿಡಿದ ಗೆಳೆಯಗ ಲಕವಾ ಹೊಡೆದು ಬಲಗೈ ಸ್ವಾಧೀನ ತಪ್ಪಿತು. “ಪೇಟಿ ಮಾರಿಬಿಡೋ” ಅಂದ. ನಾನು ಈ ಕತಿ ಹೇಳಿದೆ. “ಅಂವ ಸಾಹುಕಾರ, ಬರೆಸಿಕೊಂಡ. ನನಗ ಯಾರು ಬರದು ಕೊಡತಾರ?” ಅಂದ. ಖರೇ ಮಾತು. ಆದರ ನಮ್ಮ ತತ್ವಪದಕ್ಕ ಬರೆದ ಕಾಗದ ಬೇಕಿಲ್ಲ. ಈಗ ಮೊಮ್ಮಗ ಗಾಳಿ ಹಾಕತಾನ, ಅಂವ ಎಡಗೈಲೆ ಮನಿ ಹುಡುಕತಾನ. ಸ್ವರ ತಡವಾಗಿ ಬರತಾವ. ನಾನೂ ತಡದು ಹಾಡತೀನಿ.